ಸುಣ್ಣ ಬಳಿದ ಹೂಕುಂಡ

ಆ ಮೂರು ಗಿಡಗಳು ನಮ್ಮ ಮನೆಗೆ ಬಂದದ್ದು ಜೀಪಿನ ಹಿಂದಿನ ಸೀಟಿನಲ್ಲಿ, ಗೋಣಿಚೀಲ ಹೊದ್ದುಕೊಂಡು. ದೊಡ್ಡ ಗಿಡಗಳೇನಲ್ಲ. ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಬುಡದಿಂದಲೇ ಕವಲೊಡೆದು, ಬುಟ್ಟಿಯನ್ನು ಬೋರಲು ಹಾಕಿದ ಹಾಗೆ ದುಂಡಗೆ, ಒತ್ತಾಗಿ ಇದ್ದವು. ಎಲೆ ಹೆಬ್ಬೆರಳಿನಷ್ಟೂ ಉದ್ದ ಇಲ್ಲ. ಇಷ್ಟು ಸಣ್ಣ ಗಿಡ ಒಂದು ಮನೆಯನ್ನು ಆರು ತಿಂಗಳು ನಡುಗಿಸುತ್ತದೆ ಅಂತ ಯಾರಾದರೂ ಹೇಳಿದ್ದರೆ, ನಿಮಗೆ ತಲೆ ನೆಟ್ಟಗಿದೆಯಾ ಅಂತ ಕೇಳುತ್ತಿದ್ದೆ.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ನಾವು ಚನ್ನಗಿರಿಯಲ್ಲಿದ್ದೆವು. ನಮ್ಮ ಮನೆಯವರು ಊರ ಹೊರಗಿನ ಒಂದು ಸರ್ಕಾರಿ ಬಂಗ್ಲೆಗೆ ಮೇಟಿ. ಮೇಟಿ ಅಂದರೆ ಬಂದ ಸಾಹೇಬರಿಗೆ ಕೋಣೆಯ ಬೀಗ ತೆಗೆದು, ಹಾಸಿಗೆ ಹಾಸಿ, ಅಡುಗೆ ಮಾಡಿ ಬಡಿಸಿ, ಅವರು ಹೋದ ಮೇಲೆ ಮತ್ತೆ ಬೀಗ ಹಾಕುವವನು. ಕೆಲಸ ಅವರದು. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಪಾತ್ರೆ ಬೆಳಗುವುದು ನನ್ನದು. ನನಗೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಮೇಟಿಯ ಹೆಂಡತಿ ಅಂದಮೇಲೆ ಮಾಡಬೇಕು, ಅಷ್ಟೇ. ಬಂಗ್ಲೆಯ ಹಿಂದೆ ನಮಗೊಂದು ಕೋಣೆ, ಒಂದು ಅಡುಗೆಮನೆ. ಇಬ್ಬರು ಹೆಣ್ಣುಮಕ್ಕಳು ಸಾಸ್ವೆಹಳ್ಳಿಯ ನನ್ನ ತವರಿನಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದವು. ಚನ್ನಗಿರಿಯಲ್ಲಿ ನಾವು ಮೂವರೇ. ನಾನು, ನಮ್ಮ ಮನೆಯವರು, ಕಣ್ಣು ಕಾಣದ ನಮ್ಮತ್ತೆ.

ದೀಪಾವಳಿ ಕಳೆದು ಒಂದು ವಾರ ಆಗಿತ್ತು. ಜೀಪಿನಲ್ಲಿ ಬಂದವರು ಒಬ್ಬ ದೊಡ್ಡ ಸಾಹೇಬರು ಮತ್ತು ಅವರ ಹೆಂಡತಿ. ಸಾಹೇಬರು ಊಟ ಮಾಡಿ ಮಲಗಿದರು. ಅಮ್ಮಾವ್ರು ಹಿತ್ತಲಿಗೆ ಬಂದು, ಮಾವಿನ ಮರದ ನೆರಳು ನೋಡಿ, ಬಾವಿ ಇಣುಕಿ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಈ ಗಿಡ ಎಲ್ಲ ನೀನೇ ನೋಡ್ಕೊಳ್ಳೋದಾ?"

"ಹೂಂನ್ರಮ್ಮಾ."

"ಹಾಗಾದ್ರೆ ಇವನ್ನೂ ನೋಡ್ಕೋ. ಅಜೇಲಿಯ ಅಂತ. ಊಟಿಯಿಂದ ತಂದೆ. ಎಲೆ ಉದುರಿಸೋ ಜಾತಿ ಅಲ್ಲ, ವರ್ಷಪೂರ್ತಿ ಹಸಿರಾಗೇ ಇರುತ್ತೆ. ಬೇಸಿಗೇಲಿ ಹೂ ಬಿಟ್ರೆ ಎಲೇನೇ ಕಾಣಲ್ಲ, ಅಷ್ಟು ಹೂ. ಸಾಹೇಬರಿಗೆ ಜಗಳೂರಿಗೆ ವರ್ಗ ಆಗಿದೆ. ಆ ಬಿಸಿಲಲ್ಲಿ ಇವು ಒಂದು ವಾರ ಬದುಕಲ್ಲ. ಅಲ್ಲಿ ಒಂದು ಚಪ್ಪರ ಹಾಕಿಸ್ಕೊಂಡು ಮೇ ತಿಂಗಳಲ್ಲಿ ಬಂದು ತಗೊಂಡು ಹೋಗ್ತೀನಿ."

ಮಧ್ಯಾಹ್ನದ ಬಿಸಿಲು ತಾಕಬಾರದು, ಮಣ್ಣು ಒಣಗಬಾರದು, ಬುಡದಲ್ಲಿ ನೀರು ನಿಲ್ಲಬಾರದು ಅಂದರು. ದನ, ಮೇಕೆ ಬಾಯಿ ಹಾಕಬಾರದು, ಎಲೆ ವಿಷ, ತಿಂದರೆ ಮೇಕೆ ಸತ್ತೇ ಹೋಗುತ್ತೆ ಅಂದರು. ಇಷ್ಟೆಲ್ಲ ಹೇಳಿದವರು ಸುಣ್ಣದ ಮಾತು ಒಂದು ಹೇಳಲಿಲ್ಲ. ಅವರನ್ನು ದೂರುವುದಿಲ್ಲ. ನಮ್ಮಂಥವರು ಏನೇನು ಮಾಡುತ್ತೇವೆ ಅಂತ ಅವರಿಗಾದರೂ ಹೇಗೆ ಹೊಳೆಯಬೇಕು?

ಜೀಪು ಹತ್ತುವಾಗ ಅಮ್ಮಾವ್ರು ನಮ್ಮ ಮನೆಯವರ ಕಡೆ ತಿರುಗಿ, "ನೋಡು ಮೇಟಿ, ಗಿಡ ಏನಾದ್ರೂ ಸತ್ತೋ, ನಿಮ್ಮನ್ನೂ ಜಗಳೂರಿಗೆ ಹಾಕಿಸ್ಬಿಡ್ತೀನಿ" ಅಂದು ನಕ್ಕರು. ಸಾಹೇಬರು ನಗಲಿಲ್ಲ. ನಮ್ಮ ಮನೆಯವರು ಸಾಹೇಬರ ಮುಖ ನೋಡಿದರೇ ಹೊರತು ಅಮ್ಮಾವ್ರ ಮುಖ ನೋಡಲಿಲ್ಲ. ಅಲ್ಲಿಂದ ಶುರುವಾಯಿತು.

ಜಗಳೂರು ಅಂದರೆ ಯಾಕಿಷ್ಟು ಭಯ ಅಂತ ಕೇಳಬಹುದು. ಅಲ್ಲೂ ಜನ ಇದ್ದಾರೆ, ಬದುಕುತ್ತಾರೆ. ನನ್ನ ಭಯ ಆ ಊರಿನದಲ್ಲ, ಅತ್ತೆಯದು. ನಾವು ಮೊದಲು ನ್ಯಾಮತಿಯಲ್ಲಿದ್ದೆವು. ಅಲ್ಲಿರುವಾಗಲೇ ಅತ್ತೆಗೆ ಕಣ್ಣು ಹೋಯಿತು. ಆದರೂ ಆ ಮನೆ ಅವರಿಗೆ ಅಂಗೈಯಷ್ಟು ಗೊತ್ತು, ಕಾಣದಿದ್ದರೂ ರೊಟ್ಟಿ ಬಡಿಯುತ್ತಿದ್ದರು. ಚನ್ನಗಿರಿಗೆ ಬಂದಮೇಲೆ ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಅಂತ ತಿಳಿಯದೆ ಎರಡನೇ ದಿನವೇ ಚರಂಡಿಗೆ ಬಿದ್ದು ಮುಂಗೈ ಮುರಿದುಕೊಂಡರು. ಮೂರು ತಿಂಗಳು ಹೊರಸಿನ ಮೇಲೆ. ಎದ್ದಮೇಲೂ ನಾನಿಲ್ಲದೆ ಕಕ್ಕಸಿಗೆ ಹೋಗುವಂತಿಲ್ಲ. ಒಂದು ದಿನ ನಾನು ಬರುವುದು ತಡವಾಗಿ ಸೀರೆಯಲ್ಲೇ ಆಗಿಹೋಯಿತು. ಆ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ಆಮೇಲೆ ನಮ್ಮ ಮನೆಯವರು ಬಾಗಿಲಿನಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಕಕ್ಕಸಿಗೆ, ಅಲ್ಲಿಂದ ಮಾವಿನ ಮರಕ್ಕೆ ತೆಂಗಿನ ಹಗ್ಗ ಕಟ್ಟಿದರು. ಅತ್ತೆ ಹಗ್ಗ ಹಿಡಿದು ಹೆಜ್ಜೆ ಎಣಿಸುತ್ತಾ ಓಡಾಡಿದರು. ಬಾವಿಕಟ್ಟೆಗೆ ಇಪ್ಪತ್ತೆರಡು, ಕಕ್ಕಸಿಗೆ ಒಂಬತ್ತು, ಮರಕ್ಕೆ ಹದಿನಾಲ್ಕು. ಪೂರ್ತಿ ಕಲಿಯಲು ಮೂರು ವರ್ಷ ಹಿಡಿಯಿತು. ಈಗ ಮತ್ತೆ ಊರು ಬಿಡಿಸಿದರೆ ಅವರಿಗೆ ಇನ್ನೊಂದು ಮೂರು ವರ್ಷ ಆಯುಷ್ಯ ಇದೆಯೋ ಇಲ್ಲವೋ. ಅತ್ತೆಯ ಮೇಲಿನ ಪ್ರೀತಿಗೆ ಹೀಗೆ ಹೇಳುತ್ತಿದ್ದೇನೆ ಅಂತ ಯಾರೂ ತಿಳಿಯಬೇಡಿ. ಅವರದು ಚುಚ್ಚುವ ಬಾಯಿ, ನನ್ನದೂ ಕಡಿಮೆ ಇಲ್ಲ. ಅವರು ನಡೆಯುವುದು ನಿಲ್ಲಿಸಿದರೆ ಹೊರುವವಳು ನಾನೇ, ಅದೂ ಒಂದಿತ್ತು. ಆದರೆ ಆ ಸೀರೆಯ ದಿನ ಮತ್ತೆ ಬರಬಾರದು ಅನ್ನುವುದೂ ಇತ್ತು.

"ಜಗಳೂರು ಬೇರೆ ಜಿಲ್ಲೆ ಅಲ್ಲೇನ್ರಿ? ಹಂಗೆಲ್ಲ ಹಾಕಾಕೆ ಬರ್ತೈತಾ?" ಅಂತ ನಮ್ಮ ಮನೆಯವರನ್ನು ಕೇಳಿದೆ.

"ದೊಡ್ಡೋರು ಮನಸ್ ಮಾಡಿದ್ರೆ ಜಿಲ್ಲೆ ಗಿಲ್ಲೆ ಎಲ್ಲೈತೆ? ಹೊನ್ನಾಳಿ ಕಡೆ ಒಬ್ಬ ಮೇಟಿ ಸಾಹೇಬ್ರ ನಾಯೀನ ಕಳ್ದ ಅಂತ ಎಲ್ಲಿಗೋ ಹಾಕಿದ್ರಂತೆ."

"ನೀವು ನೋಡಿದ್ರಾ?"

"ಕೇಳಿದೀನಿ."

ಅವರು ಕೇಳಿದ್ದೆಲ್ಲ ನಿಜ, ನೋಡಿದ್ದೆಲ್ಲ ಸಂಶಯ. ಅದು ಅವರ ಸ್ವಭಾವ.

ಚಳಿಗಾಲ ಪೂರ್ತಿ ಗಿಡ ಚೆನ್ನಾಗಿದ್ದವು. ಮಾವಿನ ಮರದಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಾಲಾಗಿ ಇಟ್ಟಿದ್ದೆ. ದಿನಾ ಬೆಳಿಗ್ಗೆ ಬೆರಳು ಮಣ್ಣಿಗೆ ಚುಚ್ಚಿ ನೋಡಿ ನೀರು ಹಾಕುತ್ತಿದ್ದೆ. ಸುತ್ತ ಜಾಲಿಮುಳ್ಳು ಕಟ್ಟಿದೆ. ಮೇಕೆ ಕಂಡರೆ ಕಲ್ಲು. ಪಕ್ಕದ ಹೊಲದವಳು, "ಏನವ್ವಾ, ಬಂಗಾರ ಹೂತಿಟ್ಟೀಯೇನು ಅಲ್ಲಿ?" ಅಂತ ಕುಟುಕಿದಳು. ಬಂಗಾರ ಆಗಿದ್ದರೆ ಹೂತು ನೆಮ್ಮದಿಯಾಗಿ ಮಲಗಬಹುದಿತ್ತು.

ಸಂಕ್ರಾಂತಿ ಕಳೆದ ಮೇಲೆ, ಮೇಲಿನವರು ಯಾರೋ ಬರುತ್ತಾರೆ ಅಂತ ಸುದ್ದಿ ಬಂತು. ದೊಡ್ಡವರು ಬರುತ್ತಾರೆ ಅಂದರೆ ಬಂಗ್ಲೆಯಲ್ಲಿ ಮೊದಲು ನಡೆಯುವ ಕೆಲಸ ಸುಣ್ಣ ಹೊಡೆಯುವುದು. ಗೋಡೆಗೆ ಮಾತ್ರ ಅಲ್ಲ. ಅಲುಗಾಡದೆ ನಿಂತಿದ್ದಕ್ಕೆಲ್ಲ ಸುಣ್ಣ. ಮರದ ಬುಡಕ್ಕೆ ಎದೆಮಟ್ಟ, ದಾರಿಯ ಎರಡೂ ಬದಿಯ ಕಲ್ಲಿಗೆ, ಬಾವಿಕಟ್ಟೆಗೆ, ಗೇಟಿನ ಕಂಬಕ್ಕೆ. ಹೂಕುಂಡಗಳಿಗೆ ಮೈಗೆಲ್ಲ ಸುಣ್ಣ, ಕಂಠಕ್ಕೆ ಕೆಮ್ಮಣ್ಣಿನ ಪಟ್ಟಿ. ಸಾಹೇಬರು ಜೀಪಿನಿಂದ ಇಳಿದಾಗ ಬೆಳ್ಳಗೆ ಕಂಡರೆ ಮೇಟಿ ಕೆಲಸ ಮಾಡಿದ್ದಾನೆ ಅಂತ ಅರ್ಥ. ಅದಕ್ಕಿಂತ ಒಳಗೆ ಯಾರೂ ನೋಡುವುದಿಲ್ಲ.

ಎರಡು ದಿನ ಇಬ್ಬರೂ ಹೊಡೆದೆವು. ಅಜೇಲಿಯ ಕುಂಡಗಳಿಗೆ ನಾನೇ ಹೊಡೆದೆ, ಬೇರೆಯವಕ್ಕಿಂತ ಚೆನ್ನಾಗಿ. ಹೊರಮೈಗೆ ಎರಡು ಸಲ, ಒಳಗಡೆ ಮಣ್ಣು ಮುಟ್ಟುವವರೆಗೆ. ಬಕೆಟ್ಟಿನ ತಳದಲ್ಲಿ ಸುಣ್ಣದ ಗಸಿ ಉಳಿದಿತ್ತು. ಚೆಲ್ಲುವುದು ಯಾಕೆ ಅಂತ ನೀರು ಬೆರೆಸಿ ಮೂರೂ ಗಿಡದ ಬುಡಕ್ಕೆ ಹಾಕಿದೆ. ಗೆದ್ದಲು ಬರುವುದಿಲ್ಲ ಅಂತ. ನಮ್ಮ ಕಡೆ ಅಡಿಕೆ ತೋಟಕ್ಕೂ ಸುಣ್ಣ ಹಾಕುತ್ತಾರೆ. ಅಡಿಕೆಗೆ ಒಳ್ಳೆಯದಾಗಿದ್ದು ಇಷ್ಟುದ್ದದ ಗಿಡಕ್ಕೆ ಕೆಟ್ಟದಾಗುತ್ತದೆ ಅಂತ ನನ್ನ ತಲೆಗೆ ಬರಲೇ ಇಲ್ಲ. ಬರುತ್ತೇವೆ ಅಂದ ದೊಡ್ಡವರು ಬರಲೂ ಇಲ್ಲ.

ಹದಿನೈದು ದಿನಕ್ಕೆ ಹೊಸ ಎಲೆಗಳ ಬಣ್ಣ ತಿರುಗಿತು. ಎಲೆಯ ಮೈಯೆಲ್ಲ ಹಳದಿ, ನರ ಮಾತ್ರ ಹಸಿರು. ಕಾಮಾಲೆ ಬಂದವರ ಮುಂಗೈ ಹಾಗೆ. ಗೊಬ್ಬರ ಸಾಲದು ಅಂದುಕೊಂಡೆ. ಸಗಣಿ ಕಲಸಿ ಹಾಕಿದೆ, ಒಲೆಯ ಬೂದಿ ಹಾಕಿದೆ. ಇನ್ನೂ ಹಳದಿಯಾಯಿತು. ಬಾವಿಯ ನೀರು ಜಾಸ್ತಿ ಹಾಕಿದೆ, ಎಲೆಯ ತುದಿ ಸುಟ್ಟಂತೆ ಕಂದಾಯಿತು. ನಾನು ಕೈ ಹಾಕಿದಷ್ಟೂ ಕೆಟ್ಟಿತು. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆಯಲು ಭಯ. ತೆಗೆದರೆ ಮೊದಲು ಕಾಣುವುದು ಅವೇ. ಎದೆಯೊಳಗೆ ಹಸಿ ಹಿಟ್ಟು ನುಂಗಿದ ಹಾಗೆ ಆಗುತ್ತಿತ್ತು, ಕೆಳಗೂ ಇಳಿಯದು, ಮೇಲೂ ಬಾರದು.

ಶಿವರಾತ್ರಿಯ ಹೊತ್ತಿಗೆ ಒಂದು ಗಿಡ ಸತ್ತಿತು. ಒಂದು ಕಡ್ಡಿ ಮುರಿದು ನೋಡಿದೆ, ಒಳಗೆ ಒಣ ಪುಳ್ಳೆ. ನಮ್ಮ ಮನೆಯವರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಈಗ ಏನ್ ಹೇಳಾನ ಅಮ್ಮಾವ್ರಿಗೆ?"

"ಎರಡೇ ಕೊಟ್ಟಿದ್ರಿ ಅನ್ರಿ."

"ಅವ್ರಿಗೆ ಲೆಕ್ಕ ಬರಲ್ಲೇನೇ?"

"ಹಂಗಾದ್ರೆ ಮೇಕೆ ತಿಂತು ಅನ್ರಿ."

"ಮೇಕೆ ಬಿಟ್ಟಿದ್ದು ಯಾರು ಅಂತಾರಲ್ಲ!"

"ಮತ್ತೆ ನೀವೇ ತಿಂದೆ ಅನ್ರಿ, ಹೋಗ್ರಿ!"

ಅವರಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ. ಸತ್ತ ಗಿಡವನ್ನು ಕುಂಡದ ಸಮೇತ ಎತ್ತಿ, ಸೌದೆ ಕೊಟ್ಟಿಗೆಯಲ್ಲಿ ತೆಂಗಿನ ಗರಿಯ ಹಿಂದೆ ಬಚ್ಚಿಟ್ಟೆ. ಹೆಣ ಬಚ್ಚಿಟ್ಟವಳ ಹಾಗೆ ಎರಡು ಸಲ ತಿರುಗಿ ನೋಡಿದೆ. ಅವತ್ತಿನಿಂದ ನಮ್ಮ ಮನೆಯವರು ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದರು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಇಬ್ಬರೂ ಕೈಲಿದ್ದದ್ದು ಬಿಟ್ಟು ನಿಲ್ಲುತ್ತಿದ್ದೆವು. ಒಂದು ಸಲ ಇಲಾಖೆಯ ಡ್ರೈವರೊಬ್ಬ ಟೀ ಕುಡಿಯಲು ನಿಂತವನು, "ಅಮ್ಮಾವ್ರು ಗಿಡ ಹೆಂಗಿವೆ ಅಂತ ಕೇಳ್ತಿದ್ರು" ಅಂದ. ಚೆನ್ನಾಗಿವೆ ಅಂತ ಹೇಳಪ್ಪಾ ಅಂದೆ. ಅವನು ನೋಡಲು ಹಿತ್ತಲಿಗೆ ಹೊರಟಿದ್ದ. ಇನ್ನೊಂದು ಲೋಟ ಟೀ ಕೊಟ್ಟು ಅಲ್ಲೇ ಕೂರಿಸಿದೆ.

ಅತ್ತೆಗೆ ಇದ್ಯಾವುದನ್ನೂ ನಾವು ಹೇಳಿರಲಿಲ್ಲ. ಹೇಳದಿದ್ದರೆ ತಿಳಿಯುವುದಿಲ್ಲ ಅಂದುಕೊಂಡಿದ್ದು ನಮ್ಮ ದಡ್ಡತನ. ಒಂದು ಬೆಳಿಗ್ಗೆ ನಮ್ಮ ಮನೆಯವರು ಹೊನ್ನಾಳಿಗೆ ಯಾವುದೋ ಕೆಲಸಕ್ಕೆ ಹೋಗಿದ್ದರು. ನಾನು ಬಟ್ಟೆ ಒಗೆಯುತ್ತಿದ್ದೆ. ಅತ್ತೆ ಹಗ್ಗ ಹಿಡಿದು ಮಾವಿನ ಮರದವರೆಗೆ ಬಂದು ನಿಂತರು.

"ಏ, ಆ ಅಮ್ಮನ ಗಿಡ ಎಲ್ಲೈತೆ?"

"ನಿಮಗ್ಯಾಕ್ರಿ ಅದು?"

"ನನ್ನ ಮಗ ಅನ್ನ ಬಿಟ್ಟು ಏಳಾಕತ್ಯಾನೆ. ತಟ್ಟೆ ತೊಳೆಯೋ ಸದ್ದು ಬೇಗ ಬರ್ತೈತೆ. ಕಣ್ಣು ಹೋಗೈತೆ, ಕಿವಿ ಹೋಗಿಲ್ಲ. ಎಲ್ಲೈತೆ ಹೇಳು."

ಹೇಳಿಬಿಟ್ಟೆ. ಎಷ್ಟು ದಿನ ಅಂತ ಒಬ್ಬಳೇ ಹೊರಲಿ? ಗಿಡ ಸತ್ತಿದ್ದು, ಜಗಳೂರಿನ ಮಾತು, ಎಲ್ಲ ಹೇಳಿದೆ. ಜಗಳೂರು ಅಂದಾಗ ಅತ್ತೆಯ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಹಗ್ಗ ಬಿಟ್ಟರು. ಕುಂಡದ ಮುಂದೆ ಕೂತು ಎಲೆಗಳನ್ನು ಒಂದೊಂದಾಗಿ ಸವರಿದರು. ನಾನು ಬಟ್ಟೆ ಹಿಂಡಿ ತಂತಿಗೆ ಹರವಲು ನಾಲ್ಕು ಹೆಜ್ಜೆ ಹೋಗಿ ತಿರುಗುವಷ್ಟರಲ್ಲಿ ಅತ್ತೆಯ ಬಾಯಿ ಆಡುತ್ತಿತ್ತು.

"ಏನ್ರಿ ಬಾಯಾಗೆ?"

"ಎಲೆ. ರುಚಿ ನೋಡ್ದೆ, ಏನಾಗೈತೆ ಅಂತ."

"ಉಗೀರಿ! ವಿಷ ಅದು! ಉಗೀರಿ ಅಂದೆ!"

ಕೈಲಿದ್ದ ಬಟ್ಟೆ ಎಸೆದು ಓಡಿ ಹೋಗಿ ಅವರ ಬಾಯಿಗೆ ಬೆರಳು ಹಾಕಿದೆ. ಎರಡು ಎಲೆ ಅಗಿದಿದ್ದರು, ಅರ್ಧ ನುಂಗಿದ್ದರು. ಗಿಡ ಮುಟ್ಟಿ, ಮೂಸಿ, ಅಗಿದು ಗುರುತಿಸುವುದು ಅವರ ಹಳೆಯ ಅಭ್ಯಾಸ. ಅದು ನನಗೆ ಗೊತ್ತಿತ್ತು. ಮೇಕೆಗೆ ಮುಳ್ಳು ಕಟ್ಟಿದ ನಾನು ಅತ್ತೆಗೆ ಒಂದು ಮಾತು ಹೇಳಿರಲಿಲ್ಲ.

ಅತ್ತೆ ನನ್ನ ಕೈ ತಳ್ಳಿ ಉಗುಳಿದರು. ಅದಾದಮೇಲೂ ಸುಮ್ಮನಿರಲಿಲ್ಲ, ಕುಂಡದ ಮಣ್ಣು ಚಿಟಿಕೆಯಷ್ಟು ತೆಗೆದು ನಾಲಿಗೆ ತುದಿಗೆ ಇಟ್ಟುಕೊಂಡರು. ಐವತ್ತು ವರ್ಷ ಎಲೆಅಡಿಕೆ ಹಾಕಿದ ನಾಲಿಗೆ ಅದು.

"ಸುಣ್ಣ ಐತಲ್ಲೇ ಇದ್ರಾಗೆ! ಬಾಯಿ ಸುಡಂಗೆ ಐತೆ. ಯಾವಳು ಹಾಕಿದ್ದು?"

"ನಾನೇ."

"ಕುಂಡಕ್ಕೇ ಎಲೆಅಡಿಕೆ ತಿನ್ಸಿದ್ಯೇನು?"

ಅವರು ತಮಾಷೆ ಮಾಡುತ್ತಿದ್ದರು. ನಾನು ಅವರನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋದೆ. ಬಾಯಿ ತೊಳೆಸಿ ಒಳಗೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ತುಟಿ ಜುಮ್ಮೆನ್ನುತ್ತದೆ ಅಂದರು. ಆಮೇಲೆ ಬಾಯಲ್ಲಿ ನೀರು ಸುರಿಯತೊಡಗಿತು, ವಾಂತಿಯಾಯಿತು. ಹಣೆಯಲ್ಲಿ ತಣ್ಣನೆ ಬೆವರು. ರಸ್ತೆಗೆ ಓಡಿ, ಅಡಿಕೆ ಚೀಲ ಹೇರಿಕೊಂಡು ಪೇಟೆಗೆ ಹೋಗುತ್ತಿದ್ದ ಗಾಡಿಯವನ ಕೈಲಿ ಆಸ್ಪತ್ರೆಯ ಕಂಪೌಂಡರಿಗೆ ಹೇಳಿ ಕಳಿಸಿದೆ. ತಿರುಗಿ ಬಂದು ಅತ್ತೆಯ ಕೈ ಹಿಡಿದು ಕೂತೆ. ನಾಡಿ ಸಿಗುತ್ತಿತ್ತು, ಆದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನಾನು ಒಂದು ಉಸಿರು ಎಳೆದು ಬಿಡಬಹುದಿತ್ತು. ಪ್ರತಿ ಸಲವೂ ಮುಂದಿನ ಬಡಿತ ಬರುವುದಿಲ್ಲ ಅನ್ನಿಸುತ್ತಿತ್ತು. ಮೇಕೆ ಸಾಯುತ್ತದೆ ಅಂತ ಅಮ್ಮಾವ್ರು ಅಂದಿದ್ದರು. ಎಷ್ಟು ಎಲೆಗೆ, ಎಷ್ಟು ಹೊತ್ತಿಗೆ ಅಂತ ಹೇಳಿರಲಿಲ್ಲ. ಇವರನ್ನು ಈ ಅಂಗಳದಲ್ಲಿ ಉಳಿಸಿಕೊಳ್ಳಬೇಕು ಅಂತ ಆ ಗಿಡ ಕಾಯ್ದೆ, ಆ ಗಿಡವೇ ಇವರನ್ನು ಒಯ್ಯುತ್ತಿದೆ ಅಂದುಕೊಂಡೆ.

ಕಂಪೌಂಡರು ಸೈಕಲ್ಲಿನಲ್ಲಿ ಬಂದರು. "ಏನ್ ತಿಂದಿದ್ರು?" ಅಂತ ಕೇಳಿದರು. ಆ ಕ್ಷಣ ನಾನು ಬಾಯಿ ತೆರೆದವಳು ನಿಂತೆ. ಸಾಹೇಬರ ಗಿಡ ಅಂದರೆ ಸುದ್ದಿ ಅವರವರೆಗೆ ಹೋಗುತ್ತದೆ. ಹಳಸಿದ ಸಾರು ಅಂದುಬಿಡೋಣ ಅನ್ನಿಸಿತು. ಬರೀ ಒಂದು ಕ್ಷಣ. ಆ ಕ್ಷಣ ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ. ಆಮೇಲೆ ಅತ್ತೆ ಉಗುಳಿದ ಎಲೆ ತಂದು ತೋರಿಸಿದೆ. ಅವರಿಗೂ ಆ ಎಲೆ ಗೊತ್ತಿರಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟರು, ಮಲಗಿಸಿ, ಏಳಲು ಬಿಡಬೇಡಿ ಅಂದರು, ನಾಡಿ ಹಿಡಿದು ತುಂಬಾ ಹೊತ್ತು ಅಲ್ಲೇ ಕೂತರು. ದೀಪ ಹಚ್ಚುವ ಹೊತ್ತಿಗೆ ನಾಡಿ ಸರಿಯಾಗಿ ಓಡತೊಡಗಿತು.

ಕಣ್ಣು ಮುಚ್ಚಿಕೊಂಡೇ ಅತ್ತೆ ಅಂದರು, "ಹಂಡೆ ತಳದಾಗೆ ಸುಣ್ಣ ಕಟ್ಟಿದ್ರೆ ಹೆಂಗ್ ತೆಗೀತೀಯೇ?"

"ಹುಣಸೆಹಣ್ಣು ಹಾಕಿ ತಿಕ್ತೀನಿ. ನೀವು ಸುಮ್ನೆ ಮಲಕ್ಕಳ್ರಿ."

"ಮತ್ತೆ? ಕುಂಡದ ಸುಣ್ಣಕ್ಕೂ ಅದೇ. ಮನೇದು ಹಾಕ್ಬ್ಯಾಡ, ಅದ್ರಾಗೆ ಉಪ್ಪೈತೆ. ಹೊಸ ಹಣ್ಣು ತಗಾ."

ಸಾಯಲು ಹೊರಟವರಿಗೂ ಹುಣಸೆಹಣ್ಣಿನ ಉಪ್ಪು ನೆನಪಿತ್ತು. ವರ್ಷಕ್ಕಾಗುವಷ್ಟು ಹಣ್ಣನ್ನು ಉಪ್ಪು ಹಾಕಿ ಕುಟ್ಟಿ ಮಡಕೆಯಲ್ಲಿ ತುಂಬುವುದು ನಮ್ಮ ಪದ್ಧತಿ. ಹೊಸ ಹುಣಸೆ ಆಗತಾನೇ ಮರದಿಂದ ಇಳಿಯುತ್ತಿತ್ತು. ಮಾರನೇ ದಿನವೇ ಉಳಿದ ಎರಡು ಗಿಡ ಕಿತ್ತೆ. ಬೇರಿಗೆ ಅಂಟಿದ ಮಣ್ಣಿನಲ್ಲಿ ಬಿಳಿ ಹರಳು ಕಾಣುತ್ತಿತ್ತು. ನಿಧಾನವಾಗಿ ಉದುರಿಸಿದೆ. ಸುಣ್ಣ ಕಾಣದ ಎರಡು ಹಳೇ ಮಡಕೆಗಳಿಗೆ ತಳದಲ್ಲಿ ತೂತು ಹೊಡೆದು, ಬಿದಿರು ಮೆಳೆಯ ಬುಡದಿಂದ ಕೊಳೆತ ಎಲೆಯ ಕರಿಮಣ್ಣು ಬುಟ್ಟಿಯಲ್ಲಿ ಹೊತ್ತು ತಂದು ತುಂಬಿದೆ. ಹುಣಸೆ ಕಿವುಚಿ, ಮಜ್ಜಿಗೆಗಿಂತ ತೆಳ್ಳಗೆ ಮಾಡಿ ವಾರಕ್ಕೊಂದು ಸಲ ಬುಡಕ್ಕೆ ಹಾಕಿದೆ. ಬಾವಿಯ ನೀರು ಬಿಟ್ಟೆ. ಅದನ್ನು ಕಾಯಿಸಿದ ಹಂಡೆಯ ತಳವೇ ಬೆಳ್ಳಗಾಗುತ್ತಿತ್ತಲ್ಲ, ಅಷ್ಟು ದಿನ ಅದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೋ. ಸೂಳೆಕೆರೆ ನಾಲೆಯ ಕಡೆ ಹೋಗಿಬರುವವರ ಕೈಲಿ ಕೊಡ ಕಳಿಸಿ ಕೆರೆ ನೀರು ತರಿಸಿದೆ.

ಒಂದು ತಿಂಗಳು ಏನೂ ಆಗಲಿಲ್ಲ. ಒಂದು ಗಿಡ ಎಲೆಯೆಲ್ಲ ಉದುರಿಸಿ ಬೋಳಾಯಿತು. ಇನ್ನೊಂದು ಹಾಗೇ ನಿಂತಿತು, ಬದುಕಿದ್ದೇನೆ ಅಂತಲೂ ಹೇಳದು, ಸತ್ತೆ ಅಂತಲೂ ಹೇಳದು. ಯುಗಾದಿಯೂ ಬಂದು ಹೋಯಿತು. ಅತ್ತೆ ಮಾತ್ರ ದಿನಾ ಹೆಜ್ಜೆ ಎಣಿಸಿ ಬಂದು ಮುಟ್ಟುತ್ತಿದ್ದರು. ನಾನು ಅವರ ಬಾಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಒಂದು ದಿನ, "ಇಲ್ನೋಡು, ಎಳೇದು" ಅಂದರು. ಅಕ್ಕಿಕಾಳಿನಷ್ಟು ಹಸಿರು. ನರವೂ ಹಸಿರು, ಮೈಯೂ ಹಸಿರು. ತುದಿಯಲ್ಲಿ ಮೊಗ್ಗಿನ ಗುಂಪು.

ಮೇ ತಿಂಗಳು ಹುಟ್ಟುವಷ್ಟರಲ್ಲಿ ಆ ಗಿಡ ಹೂ ಬಿಟ್ಟಿತು. ಅಮ್ಮಾವ್ರು ಹೇಳಿದ್ದು ಸುಳ್ಳಲ್ಲ. ಎಲೆ ಕಾಣುತ್ತಿರಲಿಲ್ಲ. ಕುಂಕುಮಕ್ಕೆ ಸ್ವಲ್ಪ ಹಾಲು ಬೆರೆಸಿದ ಬಣ್ಣ. ಮೊಣಕಾಲೆತ್ತರದ ಒಂದು ಉಂಡೆ ಹೂ. ಚೆಂದ ಇತ್ತು, ಇಲ್ಲ ಅನ್ನುವುದಿಲ್ಲ. ನಾನು ನೋಡಿ ಸಂತೋಷಪಡಲಿಲ್ಲ, ಲೆಕ್ಕ ಹಾಕಿದೆ. ಒಂದು ಸತ್ತದ್ದು, ಒಂದು ಬೋಳು, ಒಂದು ಹೂ. ಇದು ನಮ್ಮನ್ನು ಉಳಿಸುತ್ತದೋ ಇಲ್ಲವೋ.

ಜೀಪು ಬಂತು. ಸಾಹೇಬರು ಬಂಗ್ಲೆಯ ಜಗಲಿಯಲ್ಲಿ ಕೂತರು. ಅಮ್ಮಾವ್ರು ನೇರ ಹಿತ್ತಲಿಗೆ ಬಂದರು. ಹೂ ನೋಡಿದವರು ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು.

"ಊಟಿಯಲ್ಲೂ ಹೀಗೆ ಬಿಟ್ಟಿರಲಿಲ್ಲ! ಏನ್ ಮಾಡಿದೆ ನೀನು?"

"ನೀರು ಹಾಕಿದೆನ್ರಮ್ಮಾ."

"ಇದ್ಯಾಕೆ ಬೋಳಾಗಿದೆ? ಇನ್ನೊಂದೆಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, "ಮೇಕೆ ತಿಂತು ತಾಯೀ" ಅಂದುಬಿಟ್ಟರು. ಅಮ್ಮಾವ್ರ ಮನಸ್ಸೆಲ್ಲ ಹೂವಿನ ಮೇಲಿತ್ತು. "ಹೋಗಲಿ ಬಿಡು, ಪಾಪ" ಅಂದರು. ನಮ್ಮ ಮನೆಯವರು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಆರು ತಿಂಗಳ ಮೇಲೆ ಮುಗಿಯಿತು ಅಂದುಕೊಂಡೆ.

ಆಗ ಅಮ್ಮಾವ್ರು ಹೂವಿನಿಂದ ಕಣ್ಣು ತೆಗೆದು ನಮ್ಮಿಬ್ಬರನ್ನೂ ನೋಡಿದರು. "ನಿನ್ನ ಕೈಲಿ ಏನೋ ಇದೆಯಮ್ಮ. ನೀವಿಬ್ರೂ ಜಗಳೂರಿಗೆ ಬಂದ್ಬಿಡಿ. ಅಲ್ಲಿ ದೊಡ್ಡ ಕಾಂಪೌಂಡು, ತೋಟ ಮಾಡೋಣ. ನಾನು ಸಾಹೇಬರಿಗೆ ಹೇಳಿ ಇವತ್ತೇ ಬರೆಸ್ತೀನಿ." ಅಷ್ಟು ಹೇಳಿ ಜಗಲಿಯ ಕಡೆ ತಿರುಗಿ, "ರೀ, ಸ್ವಲ್ಪ ಬನ್ನಿ ಇಲ್ಲಿ" ಅಂತ ಕರೆದರು.

ಗಿಡ ಸತ್ತರೂ ಜಗಳೂರು, ಬದುಕಿದರೂ ಜಗಳೂರು. ದೊಡ್ಡವರ ಮುಂದೆ ಬೇಡ ಅನ್ನುವುದು ನಮ್ಮ ಮನೆಯವರ ಹುಟ್ಟಿನಲ್ಲೇ ಇಲ್ಲ. ಅತ್ತೆ ಬಾವಿಕಟ್ಟೆಯ ಹತ್ತಿರ ಹಗ್ಗ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರ ಕೈ ಹಗ್ಗದ ಮೇಲೆ ಹಿಂದೆ ಮುಂದೆ ಆಡುತ್ತಿತ್ತು, ಎಷ್ಟನೇ ಹೆಜ್ಜೆಯಲ್ಲಿದ್ದೇನೆ ಅಂತ ಮರೆತವರ ಹಾಗೆ. ಜಗಲಿಯಿಂದ ಸಾಹೇಬರ ಬೂಟಿನ ಸದ್ದು ಇಳಿಯಿತು.

ನಾನು ಸೌದೆ ಕೊಟ್ಟಿಗೆಗೆ ಹೋಗಿ ತೆಂಗಿನ ಗರಿ ಸರಿಸಿ, ಸತ್ತ ಗಿಡದ ಕುಂಡ ತಂದು ಅಮ್ಮಾವ್ರ ಕಾಲ ಬಳಿ ಇಟ್ಟೆ. ಹೊರಗೂ ಒಳಗೂ ಬೆಳ್ಳಗೆ ಸುಣ್ಣ, ಕಂಠಕ್ಕೆ ಕೆಮ್ಮಣ್ಣಿನ ಪಟ್ಟಿ, ನಡುವೆ ಒಣ ಕಡ್ಡಿ.

"ಮೇಕೆ ತಿಂದಿಲ್ಲಮ್ಮಾ. ನಾನೇ ಕೊಂದೆ. ಸುಣ್ಣ ಕಲಸಿ ಬುಡಕ್ಕೆ ಹಾಕಿದೆ, ಮೂರಕ್ಕೂ. ಆ ಹೂವು ಅದಾಗೇ ಬದುಕ್ಕಂತು, ನನ್ನ ಕೈಗುಣ ಏನೂ ಇಲ್ಲ. ಯಜಮಾನ್ರು ಸುಳ್ಳು ಹೇಳಿದ್ದು ನಾನು ಕಲಿಸಿ. ಅಲ್ನೋಡ್ರಿ, ಆ ಕಣ್ಣು ಕಾಣದ ಮುದುಕಿ ನಿಮ್ಮ ಗಿಡದ ಎಲೆ ಅಗಿದು ಸಾಯಾಕೆ ಹೋಗಿದ್ಲು. ಅದನ್ನೂ ನಾನು ಕಾಯಲಿಲ್ಲ. ನನ್ನನ್ನ ನಂಬಿ ತೋಟ ಕೊಡಬ್ಯಾಡ್ರಿ."

ಅಮ್ಮಾವ್ರು ಸುಣ್ಣದ ಕುಂಡ ನೋಡಿದರು, ಅತ್ತೆಯನ್ನು ನೋಡಿದರು. ಮುಖ ಕೆಂಪಾಯಿತು.

"ಸುಣ್ಣನಾ? ಅಜೇಲಿಯಕ್ಕೆ? ಬಚ್ಚಿಟ್ಟು ಮೇಕೆ ಅಂತ ಬೇರೆ ಹೇಳ್ತೀರಾ? ನಂಬಿಕಸ್ಥರು ಅಂದ್ಕೊಂಡಿದ್ದೆ ನಾನು."

"ಹೂಂನ್ರಮ್ಮಾ" ಅಂದೆ.

"ಏನು ಕರೆದಿದ್ದು?" ಅಂತ ಕೇಳುತ್ತಾ ಸಾಹೇಬರು ಬಂದು ನಿಂತರು. "ಏನಿಲ್ಲ, ಹೊರಡೋಣ" ಅಂದರು ಅಮ್ಮಾವ್ರು. ಹೂ ಬಿಟ್ಟ ಗಿಡವನ್ನು ಡ್ರೈವರ್ ಎತ್ತಿ ಜೀಪಿಗಿಟ್ಟ. ಬೋಳು ಗಿಡ ತೋರಿಸಿ, "ಅದನ್ನ ಎಸೆದುಬಿಡಿ" ಅಂದರು. ನನ್ನ ಕಡೆ ಮತ್ತೆ ನೋಡಲಿಲ್ಲ.

ಜೀಪಿನ ಧೂಳು ಇಳಿದಮೇಲೆ ನಮ್ಮ ಮನೆಯವರು ಬಾವಿಕಟ್ಟೆಯ ಮೇಲೆ ಕುಸಿದು ಕೂತರು. "ಮುಗೀತು. ಈಗ ಸಿಟ್ಟಿಗೆ ಜಗಳೂರಿಗೆ ಹಾಕ್ತಾರೆ ನೋಡು."

"ಕೊಂದೋಳನ್ನ ಯಾರಾದ್ರೂ ತೋಟಕ್ಕೆ ಕರ್ಕಂಡ್ ಹೋಗ್ತಾರೇನೋ, ಹುಚ್ಚಪ್ಪಾ?" ಅಂದರು ಅತ್ತೆ. ಆಮೇಲೆ ನನ್ನ ಕಡೆ ಮುಖ ಮಾಡಿ, "ನನ್ನ ಮುದುಕಿ ಅಂದ್ಯಲ್ಲೇ, ಅಷ್ಟು ಜನರ ಮುಂದೆ!" ಅಂದರು. ಹಗ್ಗ ಹಿಡಿದು ಎಣಿಸುತ್ತಾ ಮನೆ ಕಡೆ ನಡೆದರು. ಇಪ್ಪತ್ತೆರಡಕ್ಕೆ ಸರಿಯಾಗಿ ಹೊಸ್ತಿಲು.

ಆದರೂ ಮಳೆಗಾಲ ಮುಗಿಯುವವರೆಗೆ ಪೋಸ್ಟಿನವನ ಸೈಕಲ್ಲಿನ ಗಂಟೆ ಕೇಳಿದರೆ ನಾನು ಗೇಟಿನವರೆಗೆ ಓಡುತ್ತಿದ್ದೆ. ಕಾಗದ ಬರಲಿಲ್ಲ. ಅತ್ತೆ ಇನ್ನೂ ಒಂಬತ್ತು ವರ್ಷ ಆ ಅಂಗಳದಲ್ಲೇ ಓಡಾಡಿದರು. ಎರಡು ಸಲ ಹಗ್ಗ ಜೀರ್ಣವಾಗಿ ಬದಲಾಯಿಸಿದೆವು, ಅತ್ತೆಯ ಲೆಕ್ಕ ಬದಲಾಗಲಿಲ್ಲ.

ಬೋಳು ಗಿಡ ಎಸೆಯಲಿಲ್ಲ. ಎಸೆಯುವುದು ಹೇಗೆ, ಬೇರು ಇನ್ನೂ ಹಸಿ ಇತ್ತು. ಮಳೆಗೆ ಚಿಗುರಿತು. ಅತ್ತೆಯ ಕೈಗೆ ಸಿಗದ ಹಾಗೆ ಅದನ್ನು ಸೌದೆ ಕೊಟ್ಟಿಗೆಯ ಮಾಡಿನ ಕೆಳಗೆ ಎತ್ತರದ ಕಲ್ಲಿನ ಮೇಲಿಟ್ಟೆ. ಬಂಗ್ಲೆಗೆಲ್ಲ ಸುಣ್ಣ ಹೊಡೆಯುವಾಗ ಅದರ ಮೇಲೆ ಗೋಣಿಚೀಲ ಮುಚ್ಚುತ್ತಿದ್ದೆ. ಎರಡು ವರ್ಷ ಬಿಟ್ಟು ಮೇ ತಿಂಗಳಲ್ಲಿ ಹೂ ಬಿಟ್ಟಿತು, ಆಮೇಲೆ ಪ್ರತಿ ಬೇಸಿಗೆಗೂ. ಹೂವಿದ್ದ ದಿನಗಳಲ್ಲಿ ರಸ್ತೆಯ ಕಡೆಯಿಂದ ಜೀಪಿನ ಸದ್ದು ಬಂದರೆ ನಾನು ಮೊದಲು ಓಡುತ್ತಿದ್ದದ್ದು ಬಂಗ್ಲೆಯ ಬೀಗ ತೆಗೆಯಲು ಅಲ್ಲ. ಆ ಕುಂಡವನ್ನು ಎದೆಗವುಚಿಕೊಂಡು ಹೋಗಿ ತೆಂಗಿನ ಗರಿಯ ಹಿಂದೆ ಇಟ್ಟು, ಮೇಲೊಂದು ಗರಿ ಎಳೆದು, ಕೆಂಪು ಎಲ್ಲೂ ಕಾಣುತ್ತಿಲ್ಲ ಅಂತ ಎರಡು ಸಲ ನೋಡಿ ಆಮೇಲೆ ಮುಂದಕ್ಕೆ ಹೋಗುತ್ತಿದ್ದೆ.